ಮೂರನೇ ಹಾಡು ದಾಟಿದರೆ

ಸೆವ್ರಿನ್ ಬಾಯಿಯ ಡ್ರೈವಿಂಗ್ ಸ್ಕೂಲಿನ ಹಳೇ ಆಲ್ಟೋ
ಕಿನ್ನಿಮುಲ್ಕಿಯ ನನ್ನ ಶೆಡ್ಡಿಗೆ ಬಂದದ್ದು
ಹಾಡು ನಿಂತ ಕಾರಣಕ್ಕೆ.
ಬ್ರೇಕು ಸರಿ ಉಂಟು, ಕ್ಲಚ್ಚು ಹೋದ ತಿಂಗಳಷ್ಟೇ ಹೊಸದು.
"ತಮ್ಮ ದುಬೈಯಿಂದ ತಂದ ಪ್ಲೇಯರು, ಜಯಕರ.
ಎಂತ ಗ್ರಹಚಾರವೋ, ಎಲ್ಲಿ ನಿಂತರೂ ಮತ್ತೆ ಮೊದಲನೇ ಹಾಡು.
ಈಗ ಅದೂ ಇಲ್ಲ. ಬರೀ ಟಿಕ್ ಟಿಕ್."

ಡ್ಯಾಶಿಗೆ ಕಿವಿಯಿಟ್ಟೆ.
ಹಲ್ಲಿ ಲೊಚಗುಟ್ಟಿದ ಹಾಗೆ ಡಿಸ್ಕು;
ಸೂಜಿ ತನ್ನ ಮನೆ ಮರೆತು
ಕಂಡ ಕಂಡ ಕದ ತಟ್ಟುತ್ತಿತ್ತು.

ನಾನು ಮೊದಲು ಡಿಸ್ಕನ್ನು ಬೈಯುವವನಲ್ಲ.
ಹಸಿದು ಬಿದ್ದವನಿಗೆ ಬುದ್ಧಿ ಹೇಳಬಾರದು.
ಮೀಟರಿನ ಕೆಂಪು ಕಡ್ಡಿ, ಕಪ್ಪು ಕಡ್ಡಿ.
ನಿಂತ ಗಾಡಿಯಲ್ಲಿ ಹನ್ನೆರಡೂವರೆ.
"ಈಗ ಕೀ ತಿರುಗಿಸಿ ಬಾಯಿ" ಎಂದೆ.
ಸ್ಟಾರ್ಟರು ಕೆಮ್ಮಿತು, ಮುಳ್ಳು ಎಂಟಕ್ಕೆ ಜಾರಿ
ಅರೆಗಳಿಗೆ ಅಲ್ಲೇ ಮೊಣಕಾಲೂರಿ
ಎದ್ದಿತು.

"ದಿನಕ್ಕೆ ಎಷ್ಟು ಸಲ ಬಂದ್ ಬೀಳ್ತದೆ?"
ಬಾಯಿ ನಕ್ಕರು. "ಮಗಾ, ಇದು ಕಲಿಯುವವರ ಗಾಡಿ.
ಇಂದ್ರಾಳಿಯ ಏರಿನಲ್ಲೇ ಇಪ್ಪತ್ತು."

ಇಪ್ಪತ್ತು ಸಲ. ಹನ್ನೊಂದು ವರ್ಷ. ಭಾನುವಾರ ಬಿಟ್ಟು.
ಮಲ್ಪೆಯ ತಾಂಡೇಲ ಪುರಂದರ,
ಕಡಲಿನಲ್ಲಿ ಎಪ್ಪತ್ತಡಿ ಬೋಟು ತಿರುಗಿಸುವವನು,
ಕಲ್ಸಂಕದಲ್ಲಿ ಕ್ಲಚ್ಚು ಬಿಟ್ಟು ಬೆವರಿದ್ದು;
ಬೀಡಿ ಕಟ್ಟಿದ ದುಡ್ಡಲ್ಲಿ ಫೀಸು ಕಟ್ಟಿದ ವಾರಿಜಕ್ಕ
ಬಸ್ಸಿನ ಹಾರ್ನಿಗೆ ಎರಡೂ ಕೈ ಬಿಟ್ಟು ಕಿವಿ ಮುಚ್ಚಿದ್ದು;
ಪ್ರತಿ ಹೆದರಿಕೆಗೂ ಕರೆಂಟು ಕುಸಿದು
ಓದುತ್ತಿದ್ದ ಸೂಜಿ ಓದಿದಲ್ಲೇ ಬಿದ್ದು
ತಟ್ಟೆಯ ತುಂಬ ಗೀರು.
ನಾಲ್ಕನೇ ಹಾಡಿನವಳು "ಬಾ" ಎಂದು ತೆರೆದ ಬಾಯಿ
ತೆರೆದೇ ಉಳಿದಿತ್ತು.

ಟರ್ಮಿನಲ್ಲು ಕಡಲ ಗಾಳಿಗೆ ಹಸಿರುಗಟ್ಟಿತ್ತು,
ದೇವರ ದೀಪ ತಿಕ್ಕುವ ಹಾಗೆ ಹುಳಿನೀರಲ್ಲಿ ತಿಕ್ಕಿದೆ.
ಎಂಟಕ್ಕೆ ಇಳಿದಾಗ ನಾಲ್ಕುಸಿರು ಸಾಲ ಕೊಡಲಿ ಎಂದು
ಸೀಟಿನಡಿಗೆ ಬೈಕಿನ ಪುಟ್ಟ ಬ್ಯಾಟರಿ;
ಆ ಸಾಲವನ್ನು ಸ್ಟಾರ್ಟರು ಕಸಿಯದಂತೆ
ನಡುವೆ ಒಂದು ಡಯೋಡು.
ಡಿಸ್ಕು ಬಿಚ್ಚಿ, ಉಳಿದಷ್ಟನ್ನು
ಉಗುರಿನಷ್ಟು ಕಾರ್ಡಿಗೆ ಇಳಿಸಿದೆ.
ಇನ್ನೂರ ಹನ್ನೊಂದರಲ್ಲಿ ಹದಿನಾಲ್ಕು ಸಿಗಲಿಲ್ಲ.
ನಾಲ್ಕನೆಯದೂ.

ನಾಲ್ಕೇ ದಿನ. ಬಾಯಿ ಮತ್ತೆ ಶೆಡ್ಡಿನೆದುರು.
"ಬಿಚ್ಚು ಮಾರಾಯ ಅದನ್ನು.
ಏರಿನಲ್ಲಿ ಗಾಡಿ ನಿಲ್ಲಿಸ್ತಾರೆ, ಹಾಡು ಹೋಗ್ತಾ ಇರ್ತದೆ,
ಎಂತದೂ ಆಗಲಿಲ್ಲ ಅಂತ ಅವರೂ ಹೋಗ್ತಾರೆ.
ನನ್ನ ಅಳತೆಯೇ ಅದು:
ನಿಲ್ಲಿಸದೆ ಮೂರನೇ ಹಾಡು ದಾಟಿದರೆ ಆರ್‌ಟಿಓ.
ಇಲ್ಲದಿದ್ದರೆ ನಾಳೆ ಬಾ, ಮೊದಲಿನಿಂದ."

ರಿಪೇರಿಯನ್ನು ರಿಪೇರಿ ಮಾಡಿದೆ.
ಗೇರಿನ ಬದಿಗೆ ಒಂದು ಸ್ವಿಚ್ಚು:
ಮೇಲೆ ಒತ್ತಿದರೆ ಹಾಡು ಕಾಯುತ್ತದೆ,
ಕೆಳಗೆ ಒತ್ತಿದರೆ ಇಲ್ಲ.
ಕೆಳಗಿನ ಬದಿಗೆ ಬಾಯಿ ಉಗುರುಬಣ್ಣದಲ್ಲಿ
ಕೆಂಪು ಎಲ್ ಬರೆದುಕೊಂಡರು.

ಬಿಚ್ಚಿದ್ದಕ್ಕೆ ಮಜೂರಿ ಕೇಳುವುದು ಹೇಗೆ?
"ಲೈಸೆನ್ಸ್ ಉಂಟಾ ನಿನಗೆ?" ಎಂದರು.
ಇಲ್ಲ. ಇಪ್ಪತ್ತು ವರ್ಷದಿಂದ ನಾನು
ನಿಂತ ಗಾಡಿಯವನು.

ಈಗ ಬೆಳಿಗ್ಗೆ ಆರೂವರೆಗೆ ಇಂದ್ರಾಳಿ.
ಹಿಂದೆ ಮಣಿಪಾಲದ ಬಸ್ಸು ಅವಸರಿಸುತ್ತಿದೆ,
ಬಾಯಿ ಕಿಟಕಿಯಾಚೆ ಯಾರದೋ ದಾಸವಾಳ ನೋಡುತ್ತಿದ್ದಾರೆ.
ಎಡಗಾಲು ನಡುಗಿ, ಗಾಡಿ ಒಮ್ಮೆ ತೇಗಿ, ತಣ್ಣಗೆ.
ಕೀ ತಿರುಗಿಸುತ್ತೇನೆ.
ಎಂಟು ವೋಲ್ಟು. ನನಗೆ ಗೊತ್ತು
ಯಾವ ತಂತಿಯಲ್ಲಿ, ಎಷ್ಟು ಹೊತ್ತು, ಯಾಕೆ.
ಗೊತ್ತಿದ್ದು ಎಂತ ಬಂತು,

ಅಗೋ,
ಮೊದಲನೇ ಹಾಡಿನ ಕೊಳಲು.